ಚಿಕೋರಿ ಬಿಟ್ಟು ಬೈಟು ಕಾಫಿ ಓಡಿಸಿದ ನನ್ನ ಅನುಭವ

ಕಾಫಿ ಪುಡಿಗೆ ಚಿಕೋರಿ ಬೇರಿನ ಪುಡಿ ಯಾಕೆ ಅಂತ ದರ್ಶಿನಿ ನಡೆಸುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬಣ್ಣ ಬರುತ್ತದೆ, ದಪ್ಪ ಬರುತ್ತದೆ, ಪುಡಿ ಉಳಿಯುತ್ತದೆ. 49 ಪರ್ಸೆಂಟ್‌ವರೆಗೆ ಬೆರೆಸಲು ಕಾನೂನೇ ಬಿಟ್ಟಿದೆ, ಪ್ಯಾಕೆಟ್ ಮೇಲೆ ಹಾಕಿದರಾಯಿತು. ಹಾಸನದ ನನ್ನ ಕೌಂಟರಿನಲ್ಲೂ 60–40 ಪುಡಿಯೇ ಓಡುತ್ತಿತ್ತು. ಈಗ ಎರಡು ವರ್ಷದ ಮೇಲಾಯಿತು, ಒಂದು ಚಿಟಿಕೆ ಚಿಕೋರಿಯೂ ಇಲ್ಲ. ಆಗಲ್ಲ ಅಂದವರೇ ಈಗ ಪುಡಿ ಎಲ್ಲಿಂದ ತರಿಸುತ್ತೀಯ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಹೊಟ್ಟೆಕಿಚ್ಚಿನಿಂದ. ಸಕಲೇಶಪುರ, ಬೇಲೂರು ಕಡೆಯ ತೋಟದವರು ಪೇಟೆಗೆ ಬಂದರೆ ನಮ್ಮಲ್ಲೇ ತಿಂಡಿ ತಿನ್ನುತ್ತಾರೆ. ತಿಂಡಿ ಮುಗಿಸಿ ಟೀ ಹೇಳುತ್ತಿದ್ದರು! ಕಾಫಿ ಬೆಳೆಯುವವರು ನನ್ನ ಕಾಫಿ ಮುಟ್ಟಲ್ಲ ಅಂದರೆ ಏನರ್ಥ?

ಮೊದಲು ಕಾಫಿ ವರ್ಕ್ಸ್‌ನಿಂದ ಬರೀ ಅರೇಬಿಕಾ ಜಾತಿಯ ಕಾಫಿ ಪುಡಿ ತಂದೆ. ಚಿಕೋರಿ ನೀರು ಹೀರಿ ಊದಿಕೊಂಡು ಡಿಕಾಕ್ಷನ್ ನಿಧಾನಕ್ಕೆ ಇಳಿಯುವಂತೆ ನೋಡಿಕೊಳ್ಳುತ್ತದಲ್ವಾ, ಅದಿಲ್ಲದೆ ಹತ್ತು ನಿಮಿಷಕ್ಕೆ ನೀರೆಲ್ಲ ಕೆಳಗೆ. ಘಮ ಚೆನ್ನಾಗಿತ್ತು. ಹಾಲು ಬಿದ್ದ ತಕ್ಷಣ ಬಣ್ಣ ಹೋಯಿತು. 'ಇವತ್ತು ಹಾಲು ಜಾಸ್ತಿ ಆಯ್ತಾ?' ಅಂತ ಗಿರಾಕಿಗಳು ಕೇಳತೊಡಗಿದರು. ಪುಡಿ ಜಾಸ್ತಿ ಹಾಕಿದೆ. ಮೊದಲು ಕೆಜಿಗೆ 190 ಲೋಟ ಬರುತ್ತಿದ್ದುದು 110ಕ್ಕೆ ಇಳಿಯಿತು. ಸಣ್ಣಗೆ ಬೀಸಿಸಿದೆ. ಫಿಲ್ಟರ್ ಕಟ್ಟಿಕೊಂಡು ನೀರು ಮೇಲೇ ನಿಂತಿತು. ಬೆಳಿಗ್ಗೆ ಎಂಟರ ರಶ್ಶಿನಲ್ಲಿ ಡಿಕಾಕ್ಷನ್ನೇ ಇಲ್ಲ, ಇಳಿದ ನಾಲ್ಕು ಹನಿಯೂ ಕಹಿ. ದಿನಕ್ಕೆ 400 ಲೋಟದ ವ್ಯಾಪಾರ 280ಕ್ಕೆ ಬಂತು. ಆ ಎರಡು ತಿಂಗಳಲ್ಲಿ 30–40 ಸಾವಿರ ಕೈಬಿಟ್ಟಿತು.

ಮೂವತ್ತು ವರ್ಷ ಹೋಟೆಲ್ ನಡೆಸಿದ ನನ್ನ ಸೋದರಮಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. 'ಬಣ್ಣ ಇಲ್ದಿರೋ ಕಾಫಿಗೆ ಯಾರೋ ದುಡ್ಡು ಕೊಡ್ತಾರೆ? ಸುಮ್ನೆ ಹಳೇ ಪುಡಿಗೆ ವಾಪಸ್ ಹೋಗು.' 'ಮಾವ, ಇನ್ನೊಂದು ತಿಂಗಳು ನೋಡಿ' ಅಂದೆ.

ದಾರಿ ಸಿಕ್ಕಿದ್ದು ಕಾಫಿಯ ಇನ್ನೊಂದು ಜಾತಿ ರೋಬಸ್ಟಾದಲ್ಲಿ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ ಅಗ್ಗ, ಆದರೆ ಹಾಲಿಗೆ ಬಿದ್ದರೆ ಒಂಥರಾ ಮಣ್ಣುವಾಸನೆ. ಹಣ್ಣಿನ ಸಿಪ್ಪೆ ತೆಗೆದು, ಬೀಜ ತೊಳೆದು ಒಣಗಿಸಿದ ರೋಬಸ್ಟಾ ಪಾರ್ಚ್‌ಮೆಂಟ್ ಬೇರೆಯೇ ಸರಕು. ದಪ್ಪವೂ ಬರುತ್ತದೆ, ಹಾಲಿನ ಎದುರು ನಿಲ್ಲುತ್ತದೆ. ಅದನ್ನು ಸ್ವಲ್ಪ ಕಪ್ಪಗೆ, ಅರೇಬಿಕಾವನ್ನು ಅದಕ್ಕಿಂತ ಎಳೆಯದಾಗಿ, ಬೇರೆ ಬೇರೆ ಹುರಿಸಿ ಆಮೇಲೆ ಕೂಡಿಸುತ್ತೇನೆ. ಎಷ್ಟಕ್ಕೆ ಎಷ್ಟು ಅನ್ನುವುದನ್ನು ಮಾತ್ರ ಹೇಳಲಾರೆ, ನನ್ನ ಗಲ್ಲಾ ತುಂಬುವುದು ಅದರಿಂದಲೇ.

ಫಿಲ್ಟರಿಗೆ ಪುಡಿ ತುಂಬಿ ಒತ್ತಬೇಡಿ, ತಟ್ಟಿ ಸಮ ಮಾಡಿ ಸಾಕು. ಮೊದಲು ಪುಡಿ ನೆನೆಯುವಷ್ಟೇ ಬಿಸಿನೀರು ಸುತ್ತ ಹಾಕಿ ಬಿಡುತ್ತೇನೆ. ಪುಡಿ ಉಬ್ಬಿ, ಮೇಲೆ ಗುಳ್ಳೆ ಎದ್ದು ಒಡೆಯುತ್ತದೆ. ಗುಳ್ಳೆ ನಿಂತ ಮೇಲೆ ಉಳಿದ ನೀರು, ಅದೂ ಎರಡು ಸಲಕ್ಕೆ. ಕೊತಕೊತ ಕುದಿಯುವ ನೀರು ಬೇಡ. ಇಳಿದ ಡಿಕಾಕ್ಷನ್ ಪಾತ್ರೆ ಬಿಸಿನೀರಿನಲ್ಲಿ ಕೂತಿರುತ್ತದೆ, ಒಲೆ ಮೇಲೆ ಹೋಗುವುದೇ ಇಲ್ಲ. ಎರಡನೇ ಡಿಕಾಕ್ಷನ್ ಏನು ಮಾಡುತ್ತೀಯ ಅಂತ ಕೇಳಬೇಡಿ. ಗಿರಾಕಿ ಲೋಟಕ್ಕಂತೂ ಹೋಗಲ್ಲ.

ಈಗ ಕೆಜಿಗೆ 150 ಲೋಟದ ಆಸುಪಾಸು ಸಿಗುತ್ತದೆ. ಪುಡಿ ಕೆಜಿಗೆ 900 ಹತ್ತಿರ ಬೀಳುತ್ತದೆ, ಚಿಕೋರಿ ಪುಡಿಯಾದರೆ 600. ಲೆಕ್ಕ ಹಾಕಿ, ಲೋಟಕ್ಕೆ ಮೂರು ರೂಪಾಯಿ ಜಾಸ್ತಿ. 15 ಇದ್ದ ಕಾಫಿ 20 ಮಾಡಿದೆ, ಲೋಟ ಒಂಚೂರು ಚಿಕ್ಕದು ಮಾಡಿದೆ. 2024ರಲ್ಲಿ ರೋಬಸ್ಟಾ ಚೆರ್ರಿ 50 ಕೆಜಿ ಮೂಟೆಗೆ 10,000 ದಾಟಿದಾಗ ನಿದ್ದೆ ಬರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಆದರೂ ಬೈಟು ನಿಲ್ಲಿಸಲಿಲ್ಲ. ಬೈಟು ಇಲ್ಲ ಅಂದರೆ ಇಬ್ಬರು ಗಿರಾಕಿ ಒಟ್ಟಿಗೆ ಹೋಗುತ್ತಾರೆ. ಅಷ್ಟೇ ಅಲ್ಲ, ಈ ಕಾಫಿಗೆ ಬೈಟು ಕುಡಿದವರು ಮಾತು ಮುಗಿಯುವಷ್ಟರಲ್ಲಿ ಇನ್ನೊಂದು ಬೈಟು ಹೇಳುತ್ತಾರೆ. ದಿನಕ್ಕೆ 600 ಲೋಟ ಆರಾಮಾಗಿ ಹೋಗುತ್ತಿದೆ. ತೋಟದವರು ಟೀ ಬಿಟ್ಟರು.

ನಡುವೆ ಬೆಲ್ಲದ ಕಾಫಿಗೂ ಕೈ ಹಾಕಿದ್ದೆ. ಮಲೆನಾಡಿನ ಮನೆಗಳಲ್ಲಿ ಹಾಲಿಲ್ಲದೆ ಕುಡಿಯುವುದು ಸರಿ, ಪೇಟೆಯವರಿಗೆ ಹಾಲು ಬೇಕು. ಕುದಿಯುವ ಹಾಲಿಗೆ ಬೆಲ್ಲ ಸೇರಿ ಪಾತ್ರೆಗಟ್ಟಲೆ ಒಡೆಯಿತು. ಈಗ ಮಳೆಗಾಲದ ಸಂಜೆ ಮಾತ್ರ ಕಪ್ಪು ಬೆಲ್ಲದ ಕಾಫಿ, ಒಂದು ಮೆಣಸು ಜಜ್ಜಿ ಹಾಕಿ. ಮೂವತ್ತು ನಲವತ್ತು ಲೋಟ ಹೋದರೆ ಹೆಚ್ಚು. ವಿಯೆಟ್ನಾಂನ ಫಿನ್ ಅನ್ನೋ ಪುಟ್ಟ ಫಿಲ್ಟರ್ ತರಿಸಿ, ಅವರಂತೆಯೇ ಮಂದ ಸಿಹಿಹಾಲಿನ ಮೇಲೆ ನಮ್ಮ ರೋಬಸ್ಟಾ ಇಳಿಸಿ ನೋಡಿದೆ. ಭಾರೀ ಚೆನ್ನಾಗಿತ್ತು. ಆದರೆ ಒಂದೊಂದು ಲೋಟಕ್ಕೂ ಐದು ನಿಮಿಷ ಕಾಯುವ ಗಿರಾಕಿ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಿ?

ಹೊಸದಾಗಿ ಮಾಡುವವರು ಜೂನ್, ಜುಲೈನಲ್ಲಿ ಶುರು ಮಾಡಬೇಡಿ. ತೇವಕ್ಕೆ ಪುಡಿ ಗಂಟು ಕಟ್ಟಿ ನೀರು ಒಂದೇ ಕಡೆ ಇಳಿಯುತ್ತದೆ. ನಾನು ಮಳೆ ಹಿಡಿದರೆ ಮೂರು ದಿನಕ್ಕಾಗುವಷ್ಟು ಮಾತ್ರ ಬೀಸಿಸುತ್ತೇನೆ.