ಫೋಟೋದಲ್ಲಿನ ಉಡುಪಿಗೆ ಟೆಕ್ಸ್ಚರ್ ಕೂರಿಸುವಾಗ ನಾನು ಅನುಸರಿಸುವ ಕ್ರಮ

ಫೋಟೋದಲ್ಲಿರುವ ಸಾದಾ ಉಡುಪಿಗೆ ಚೌಕುಳಿಯನ್ನೋ ಒರಟು ನೇಯ್ಗೆಯನ್ನೋ ತರುವ ಕೆಲಸವನ್ನು ನಾನು ಫೋಟೋಶಾಪ್‌ನಲ್ಲಿ ಮಾಡುತ್ತೇನೆ. ಟೆಕ್ಸ್ಚರ್ (ಬಟ್ಟೆಯ ವಿನ್ಯಾಸದ ಚಿತ್ರ) ಇರುವ ಲೇಯರನ್ನು ಮೇಲಿಟ್ಟು, ಅದು ಕೆಳಗಿನ ಚಿತ್ರದೊಡನೆ ಬೆರೆಯುವ ರೀತಿಯನ್ನು, ಅಂದರೆ ಬ್ಲೆಂಡ್ ಮೋಡ್ ಅನ್ನು, ಬದಲಿಸಿದರೆ ಬಣ್ಣವೇನೋ ಬೆರೆಯುತ್ತದೆ. ಆದರೆ ಚೌಕುಳಿಯ ಗೆರೆ ತೋಳಿನಿಂದ ಎದೆಗೆ, ಎದೆಯಿಂದ ಕಾಲರಿಗೆ ಎಲ್ಲಿಯೂ ತುಂಡಾಗದೆ ಸಾಗಿದರೆ ನೋಡುವವರು ಅದನ್ನು ಬಟ್ಟೆಯೆಂದು ನಂಬುವುದಿಲ್ಲ. ಉಡುಪು ಬಿಡಿ ತುಂಡುಗಳನ್ನು ಕತ್ತರಿಸಿ ಹೊಲಿದದ್ದಾದ್ದರಿಂದ ಟೆಕ್ಸ್ಚರನ್ನೂ ದರ್ಜಿಯ ಹಾಗೆ ತುಂಡು ತುಂಡಾಗಿಯೇ ಕೂರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ತಿಳಿಬೂದು ಬಣ್ಣದ ತುಂಬುತೋಳಿನ ಶರ್ಟೊಂದನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಎರಡು ತೋಳು, ಎದೆಯ ಎರಡು ಭಾಗ, ಕಾಲರ್, ಗುಂಡಿಪಟ್ಟಿ, ಜೇಬು, ಇವೆಲ್ಲವನ್ನೂ ಪೆನ್ ಟೂಲಿನಿಂದ ಹೊಲಿಗೆಯ ಗುಂಟ ಪ್ರತ್ಯೇಕವಾಗಿ ಆರಿಸಿ, ಒಂದೊಂದಕ್ಕೂ ಆ ತುಂಡಿನ ಆಚೆಗಿನದನ್ನು ಮರೆಮಾಡುವ ಮಾಸ್ಕ್ ಇರುವ ಗ್ರೂಪ್ (ಲೇಯರುಗಳ ಗುಂಪು) ಮಾಡುತ್ತೇನೆ. ಎದೆಯ ಮೇಲೆ ಗೆರೆಗಳು ನೆಟ್ಟಗಿರಲಿ, ತೋಳಿನಲ್ಲಿ ಅವು ತೋಳು ಚಾಚಿದ ದಿಕ್ಕಿಗೇ ತಿರುಗಬೇಕು. ಚೌಕುಳಿಯ ಗಾತ್ರಕ್ಕೆ ಗುಂಡಿಯೇ ನನ್ನ ಅಳತೆಗೋಲು: ಶರ್ಟಿನ ಗುಂಡಿ ಸಾಮಾನ್ಯವಾಗಿ ಸುಮಾರು 11 ಮಿ.ಮೀ. ಅಗಲವಿರುವುದರಿಂದ, ಒಂದು ಚೌಕ ಎಷ್ಟು ಗುಂಡಿಗಳಷ್ಟು ಅಗಲವಿದೆಯೆಂದು ನೋಡಿದರೆ ಅದು ನಿಜವಾದ ಬಟ್ಟೆಯಲ್ಲಿ ಇರಬಹುದಾದ ಗಾತ್ರವೇ ಎಂಬುದು ಗೊತ್ತಾಗುತ್ತದೆ.

ಮುಂದಿನದು ಸುಕ್ಕುಗಳು, ಹೆಚ್ಚು ಹೊತ್ತು ಬೇಡುವುದು ಇವೇ. ಡಿಸ್‌ಪ್ಲೇಸ್ ಫಿಲ್ಟರ್ ಒಂದು ಕಪ್ಪು-ಬಿಳುಪು ಮ್ಯಾಪಿನ ಹೊಳಪನ್ನು ಓದಿ ಪಿಕ್ಸೆಲ್‌ಗಳನ್ನು ಸರಿಸುತ್ತದೆ. ಮ್ಯಾಪಿನಲ್ಲಿ 128ರ ನಡುಬೂದು (ಕಪ್ಪಿಗೆ 0, ಬಿಳುಪಿಗೆ 255 ಎಂಬ ಅಳತೆಯಲ್ಲಿ) ಇರುವಲ್ಲಿ ಏನೂ ಕದಲುವುದಿಲ್ಲ. ಅದಕ್ಕಿಂತ ಕಪ್ಪಾದದ್ದು ಒಂದು ಕಡೆಗೆ, ಬಿಳುಪಾದದ್ದು ಎದುರು ಕಡೆಗೆ ಸರಿಯುತ್ತದೆ. ಎಷ್ಟು ಸರಿಸಬೇಕೆಂದು ಹೇಳುವ ಸ್ಕೇಲ್ ಅನ್ನು 100ಕ್ಕೆ ಇಟ್ಟರೂ ಗರಿಷ್ಠ ಸರಿತ 128 ಪಿಕ್ಸೆಲ್ ಮಾತ್ರ. ಹಾಗಾಗಿ ಫಿಲ್ಟರ್ ತೆರೆದಾಗ ಮೊದಲಿಗೇ ಬರುವ ಸ್ಕೇಲ್ 10ರಲ್ಲಿ ಅದು ಹದಿಮೂರು ಪಿಕ್ಸೆಲ್ ಆಸುಪಾಸಿಗೆ ನಿಲ್ಲುತ್ತದೆ, ದೊಡ್ಡ ಫೋಟೋದಲ್ಲಿ ಇದು ಕಣ್ಣಿಗೆ ಬೀಳುವುದೇ ಕಷ್ಟ. ಸಾಫ್ಟ್‌ವೇರ್ ಹೊಳಪನ್ನೇ ಉಬ್ಬುತಗ್ಗೆಂದು ಭಾವಿಸುವುದರಿಂದ, ಫೋಟೋವನ್ನೇ ನೇರವಾಗಿ ಮ್ಯಾಪ್ ಆಗಿ ಕೊಟ್ಟರೆ ಬೆಳಕು ಬೀಳದ ಇಡೀ ಪಕ್ಕೆ ಒಂದು ಹಳ್ಳವೆಂಬಂತೆ ಅಲ್ಲಿನ ಗೆರೆಗಳೆಲ್ಲ ಒಟ್ಟಾಗಿ ಜರುಗಿಬಿಡುತ್ತವೆ. ಇದನ್ನು ತಡೆಯಲು ಫೋಟೋದ ಪ್ರತಿಯನ್ನು ಕಪ್ಪು-ಬಿಳುಪು ಮಾಡಿ, ಮೂಲ ನೇಯ್ಗೆಯ ಸಣ್ಣ ಕಣಗಳು ಅಳಿಯುವಷ್ಟು ಮಾತ್ರ ಗಾಸಿಯನ್ ಬ್ಲರ್ (ಮಸುಕು) ಕೊಟ್ಟು, ಮೇಲೆ ಹೈ ಪಾಸ್ ಫಿಲ್ಟರ್ ಹಾಕುತ್ತೇನೆ. ವಿಸ್ತಾರವಾದ ನೆರಳು ನಡುಬೂದಿಗೆ ಇಳಿದು ಸುಕ್ಕುಗಳಷ್ಟೇ ಉಳಿಯುತ್ತವೆ. ಈ ಪ್ರತಿಯನ್ನು ಫೋಟೋದಷ್ಟೇ ಅಳತೆಯಲ್ಲಿ ಫೋಟೋಶಾಪ್‌ನದೇ ಆದ ಪಿಎಸ್‌ಡಿ ಕಡತವಾಗಿ ಉಳಿಸಿಕೊಂಡು ಮ್ಯಾಪ್ ಆಗಿ ಬಳಸುತ್ತೇನೆ.

ಆದರೆ ಮಡಚಿದ ಮೊಣಕೈಯಂಥ ಕಡೆ ಯಾವ ಮ್ಯಾಪೂ ಸಾಲದು. ಅಲ್ಲಿ ಬಟ್ಟೆಯ ಒಂದಷ್ಟು ಭಾಗ ಮಡಿಕೆಯ ಒಳಗೆ ಹೋಗಿ ಮರೆಯಾಗಿರುತ್ತದೆ. ಒಂದು ಅಂಚಿನಲ್ಲಿ ಕೆಂಪು ಗೆರೆ ಮುಗಿದರೆ ಆಚೆ ಅಂಚಿನಲ್ಲಿ ಅದೇ ಗೆರೆ ಮುಂದುವರಿಯದೆ, ಮಡಿಕೆ ನುಂಗಿದ ಅಗಲವನ್ನು ಬಿಟ್ಟು ಮುಂದಿನ ಚೌಕ ಕಾಣಿಸಿಕೊಳ್ಳಬೇಕು. ಮಡಿಕೆಯ ಎರಡೂ ಬದಿಗೆ ಬೇರೆ ಬೇರೆ ತುಂಡು ಇಟ್ಟು, ಕೆಳಗಿನದನ್ನು ಸ್ವಲ್ಪ ಜರುಗಿಸಿ, ವಾರ್ಪ್‌ನಿಂದ ಬಾಗಿಸುತ್ತೇನೆ. ಇಷ್ಟು ಮಾಡಿದ ಮೇಲೆ ತೋಳು ದುಂಡಗೆ ಕಾಣತೊಡಗುತ್ತದೆ, ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾದ ಗಳಿಗೆ ಅದು.

ನೆರಳು ಮೂಲ ಫೋಟೋದ್ದೇ ಆಗಿರಬೇಕು. ತಿಳಿಬಣ್ಣದ ಶರ್ಟಿಗೆ, ಎರಡು ಲೇಯರುಗಳನ್ನು ಕಪ್ಪಿನತ್ತ ಬೆರೆಸುವ ಮಲ್ಟಿಪ್ಲೈ ಮೋಡ್ ಸಾಕು. ಕಪ್ಪು ಉಡುಪಿನಲ್ಲಿ ಮಲ್ಟಿಪ್ಲೈ ಟೆಕ್ಸ್ಚರನ್ನೇ ಮುಳುಗಿಸುವುದರಿಂದ ಅದನ್ನು ನಾರ್ಮಲ್ ಮೋಡಿನಲ್ಲಿಟ್ಟು, ಕಪ್ಪು-ಬಿಳುಪು ಮಾಡಿದ ಮೂಲದ ಎರಡು ಪ್ರತಿಗಳನ್ನು ಮೇಲಿಡುತ್ತೇನೆ. ಹೊಳಪು ತಿದ್ದುವ ಕರ್ವ್ಸ್‌ನಿಂದ ಹದಗೊಳಿಸಿದ ಇವುಗಳಲ್ಲಿ ಒಂದು ಮಲ್ಟಿಪ್ಲೈನಲ್ಲಿ ನೆರಳನ್ನೂ ಇನ್ನೊಂದು ಸ್ಕ್ರೀನ್‌ನಲ್ಲಿ ಹೊಳಪನ್ನೂ ಮರಳಿ ತರುತ್ತದೆ. ಫೋಕಸ್ ತಪ್ಪಿದ ಹಿಂದಿನ ತೋಳಿನ ಟೆಕ್ಸ್ಚರಿಗೆ ಅಷ್ಟೇ ಬ್ಲರ್ ಕೊಟ್ಟು, ಫೋಟೋದ ಕಣಗಳಿಗೆ ಹೊಂದುವಷ್ಟು ನಾಯ್ಸ್ ಸೇರಿಸಿ, ಚಿತ್ರವನ್ನು 100 ಪ್ರತಿಶತ ಜೂಮ್‌ನಲ್ಲಿ ಹೊಲಿಗೆಯಿಂದ ಹೊಲಿಗೆಗೆ ಪರಿಶೀಲಿಸುತ್ತೇನೆ.