ಕೆರೆಗೆ ಸಂಸ್ಕರಿಸಿದ ನೀರು ಬಂದಿದೆ, ಬಾವಿ ನೀರು ಹೇಗಿದೆ? ನೀವೇ ಲೆಕ್ಕ ಇಡಿ

ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವುದು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆ. ಆ ನೀರು 2018ರ ಜೂನ್‌ನಲ್ಲಿ ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಕೋರ್ಟಿನ ಮೆಟ್ಟಿಲೇರಿತು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂದದ್ದೂ ನಿಜ. ಆದರೆ ಬಂದ ನೀರು ಎಂಥದ್ದು ಎಂದು ಶುದ್ಧೀಕರಣ ಘಟಕದ ಬಾಗಿಲಲ್ಲಿ ಮಾಡಿದ ಪರೀಕ್ಷೆ ಹೇಳುವುದಿಲ್ಲ. ಕೆರೆಯಂಗಳದಲ್ಲಿ ಇಂಗಿ, ಬಂಡೆಯ ಬಿರುಕುಗಳಲ್ಲಿ ಇಳಿದು ಬರುವಷ್ಟರಲ್ಲಿ ಅದರ ಗುಣವೇ ಬದಲಾಗಿರುತ್ತದೆ. ಬಾವಿ ನೀರನ್ನು ಬಾವಿಯಲ್ಲೇ ನೋಡಬೇಕು.

ಮೊದಲು ಬಾವಿಗಳನ್ನು ಆರಿಸಿ. ಊರಿನ ನೀರಗಂಟಿಯನ್ನು ಜೊತೆಗೆ ಕರೆದುಕೊಂಡು ಕೆರೆ ಸುತ್ತಿ ಬನ್ನಿ. ಕೆರೆಯ ಮೇಲ್ಭಾಗದಲ್ಲಿ ಒಂದು, ಏರಿಯ ಕೆಳಗೆ ಒಂದು, ಅಚ್ಚುಕಟ್ಟಿನಲ್ಲಿ ಎರಡು, ಜೊತೆಗೆ ಪಂಚಾಯಿತಿಯ ಕುಡಿಯುವ ನೀರಿನ ಬೋರ್. ತೆರೆದ ಬಾವಿಯೊಂದು ಉಳಿದಿದ್ದರೆ ಬಿಡಬೇಡಿ, ಬದಲಾವಣೆ ಅಲ್ಲೇ ಬೇಗ ತಿಳಿಯುತ್ತದೆ. ಪ್ರತಿ ಬೋರ್‌ನ ಆಳ, ಕೇಸಿಂಗ್ ಎಷ್ಟು ಅಡಿ ಎಂದು ಬರೆದುಕೊಳ್ಳಿ. ಇದು ಗಟ್ಟಿ ಕಲ್ಲಿನ ಸೀಮೆ, ಅಕ್ಕಪಕ್ಕದ ಎರಡು ಬೋರ್‌ಗಳ ನೀರು ಒಂದೇ ಥರ ಇರಬೇಕೆಂದಿಲ್ಲ.

ಕೆರೆಗೆ ನೀರು ಬಿಡುವ ಮುಂಚೆಯೇ ಒಮ್ಮೆ ಪರೀಕ್ಷೆ ಆಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಹೆಚ್ಚು ಕಡೆ ತಪ್ಪಿಹೋಗುವುದೂ ಇದೇ. ಕೋಲಾರದ ಫ್ಲೋರೈಡ್ ಕಲ್ಲಿನಿಂದ ಬಂದದ್ದು, ಯೋಜನೆಗಿಂತ ಹಳೆಯದು. ಮೊದಲಿನ ಅಂಕಿ ಕೈಯಲ್ಲಿಲ್ಲದಿದ್ದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವುದು ಹೇಗೆ? ನೀರು ಆಗಲೇ ಬಂದಿದ್ದರೆ ಪಂಚಾಯಿತಿ ಕಡತದಲ್ಲಿರುವ ಹಳೆಯ ವರದಿಗಳನ್ನು ತೆಗೆಸಿ ನೋಡಿ.

ಇನ್ನು ನೀರು ಹಿಡಿಯುವುದು. ಸ್ಟಾರ್ಟರ್ ಒತ್ತಿದ ಕೂಡಲೇ ಬಾಟಲಿ ಹಿಡಿಯಬೇಡಿ. ಮೊದಲು ಬರುವುದು ಪೈಪಿನಲ್ಲಿ ನಿಂತಿದ್ದ ನೀರು, ತುಕ್ಕಿನಿಂದ ಕೆಂಪಗಿರುತ್ತದೆ. ಅದು ತಿಳಿಯಾದ ಮೇಲೂ ಒಂದು ಲೋಟ ಹಿಡಿದು ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ಅಂಕಿ ಏರಿಳಿಯುತ್ತಲೇ ಇರುತ್ತದೆ. ಐದೈದು ನಿಮಿಷಕ್ಕೊಮ್ಮೆ ನೋಡುತ್ತಾ, ಮೂರು ಸಲ ಹೆಚ್ಚುಕಡಿಮೆ ಒಂದೇ ಅಂಕಿ ಬಂದಾಗ ಬಾಟಲಿ ತೆಗೆಯಿರಿ. ಟ್ಯಾಂಕಿನ ನಲ್ಲಿ ಬೇಡ, ಪಂಪಿನ ಡೆಲಿವರಿ ಪೈಪಿನಿಂದಲೇ ಹಿಡಿಯಿರಿ. ರಾಸಾಯನಿಕ ಪರೀಕ್ಷೆಯ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರು ಕೊಟ್ಟ ಬಾಟಲಿಯನ್ನು ಮಾತ್ರ ತೊಳೆಯಬಾರದು, ಮುಚ್ಚಳದ ಒಳಭಾಗವನ್ನು ಮುಟ್ಟಲೂಬಾರದು, ಮೇಲೆ ಒಂದಂಗುಲ ಖಾಲಿ ಬಿಡಬೇಕು. ಐಸ್ ಬಾಕ್ಸಿನಲ್ಲಿಟ್ಟು ಅಂದೇ ಲ್ಯಾಬಿಗೆ ಮುಟ್ಟಿಸಿ.

ಏನನ್ನು ಪರೀಕ್ಷಿಸಬೇಕು? ಕ್ಲೋರೈಡ್ ಮೇಲೆ ವಿಶೇಷ ಗಮನವಿರಲಿ. ನಾವು ತಿನ್ನುವ ಉಪ್ಪು ಕೊಳಚೆಯಲ್ಲಿ ಸೇರುತ್ತದೆ, ಅದನ್ನು ಮಣ್ಣು ಹಿಡಿದಿಡುವುದಿಲ್ಲ. ಮೇಲ್ಭಾಗದ ಬಾವಿಯಲ್ಲಿ ಹಾಗೇ ಇದ್ದು ಏರಿ ಕೆಳಗಿನ ಬಾವಿಯಲ್ಲಿ ಕ್ಲೋರೈಡ್ ಬದಲಾಗುತ್ತಿದ್ದರೆ ಅಲ್ಲಿಗೆ ಕೆರೆ ನೀರು ತಲುಪಿರುವ ಸಾಧ್ಯತೆ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿ. ಜಲಜೀವನ್ ಮಿಷನ್‌ನ ಪರೀಕ್ಷಾ ಕಿಟ್ ಆಗಾಗ ನೋಡಿಕೊಳ್ಳಲು ಸಾಕು, ಲೋಹಗಳಿಗೆ ಲ್ಯಾಬೇ ಆಗಬೇಕು.

ಮೊದಲ ವರ್ಷ ತಿಂಗಳಿಗೊಮ್ಮೆ, ಆಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ. ಅವೇ ಬಾವಿಗಳು, ಅದೇ ಕ್ರಮ. ದಿನಾಂಕ, ನೀರಿನ ಮಟ್ಟ, ಹಿಂದಿನ ವಾರ ಮಳೆ ಬಂದಿತ್ತೇ, ಪಕ್ಕದ ಹೊಲಕ್ಕೆ ಯೂರಿಯಾ ಹಾಕಿದ್ದರೇ ಎಲ್ಲವನ್ನೂ ಬರೆಯಿರಿ. ನೈಟ್ರೇಟ್ ಗೊಬ್ಬರದಿಂದಲೂ ತಿಪ್ಪೆಯಿಂದಲೂ ಬರುತ್ತದೆ, ಎಲ್ಲವನ್ನೂ ಕೆರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಒಂದು ಅಂಕಿ ಮೇಲೆ ಹೋಯಿತೆಂದು ಊರೆಲ್ಲ ಡಂಗುರ ಸಾರಬೇಡಿ, ವಾರದೊಳಗೆ ಮತ್ತೆ ಹಿಡಿದು ಪರೀಕ್ಷಿಸಿ. ಆಗಲೂ ಹೆಚ್ಚು ಬಂದರೆ ಎರಡೂ ವರದಿ ಲಗತ್ತಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೈಟ್ರೇಟ್ ಇರುವ ನೀರನ್ನು ಕುದಿಸಿದರೆ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಎಳೆಮಗುವಿಗೆ ಹಾಲಿನ ಪುಡಿ ಕಲಸುವ ಮನೆಗಳಿಗೆ ಮಾತ್ರ ಎರಡನೇ ವರದಿಗೆ ಕಾಯದೆ ಅಂದೇ ಬೇರೆ ನೀರು ಒದಗಿಸಿ.