ಮೆದುಳಿನ ಗೆಡ್ಡೆ ಆಪರೇಷನ್: ಫಿಲ್ಮ್ ಜೊತೆ ಸಿ.ಡಿ.ಯನ್ನೂ ಒಯ್ಯಿರಿ

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಮಣಿಪಾಲಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೊರಡುವವರು ಎಂಆರ್‌ಐ ಫಿಲ್ಮನ್ನು ಮಳೆಗೆ ನೆನೆಯದಂತೆ ಜೋಪಾನವಾಗಿ ಸುತ್ತಿಕೊಳ್ಳುತ್ತಾರೆ. ಸಿ.ಡಿ. ಮಾತ್ರ ಕಪಾಟಿನಲ್ಲೇ ಉಳಿಯುತ್ತದೆ. ಆಪರೇಷನ್‌ಗೆ ದಾರಿ ತೋರಿಸುವ ನ್ಯಾವಿಗೇಶನ್ ಯಂತ್ರಕ್ಕೆ ಬೇಕಾದದ್ದು ಫಿಲ್ಮಲ್ಲ, ಸಿ.ಡಿ.ಯಲ್ಲಿರುವ ಡಿಜಿಟಲ್ ಚಿತ್ರ. ಮೊದಲು ಆ ಸಿ.ಡಿ. ಹುಡುಕಿ.

ಅಲ್ಲಿ ಹೋದ ಮೇಲೆ ಇನ್ನೊಂದು ಎಂಆರ್‌ಐ ಬರೆದರೆ ‘ಸುಮ್ನೆ ದುಡ್ಡಿಗೆ’ ಅಂದುಕೊಳ್ಳಬೇಡಿ. ಕಾಯಿಲೆ ಪತ್ತೆಗೆ ತೆಗೆದ ಚಿತ್ರಗಳ ನಡುವೆ ಅಂತರ ಇರಬಹುದು. ನ್ಯಾವಿಗೇಶನ್‌ಗೆ ಸುಮಾರು 1 ಮಿ.ಮೀ. ದಪ್ಪದ, ಎಡೆಬಿಡದ ಚಿತ್ರಗಳು ಬೇಕು. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಸಿಡಿದಿದ್ದರೆ, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಕಿಡ್ನಿ ತೊಂದರೆಯನ್ನೂ ಮುಚ್ಚಿಡಬೇಡಿ. ಗೆಡ್ಡೆ ಚಿತ್ರದಲ್ಲಿ ಎದ್ದು ಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಮದ್ದು ಕೊಡುವ ಮುಂಚೆ ಸ್ಕ್ಯಾನ್ ಮಾಡುವವರಿಗೆ ಅದು ಗೊತ್ತಿರಬೇಕು.

ಕೆಲವು ಕಡೆ ಸ್ಕ್ಯಾನ್‌ಗೆ ಮುಂಚೆ ತಲೆಗೆ, ಚಿತ್ರದಲ್ಲೂ ಕಾಣುವಂಥ, ಉಂಗುರದಂಥ ಸ್ಟಿಕ್ಕರ್ ಅಂಟಿಸುತ್ತಾರೆ. ಎಣ್ಣೆ ಹಚ್ಚಿದ ತಲೆಗೆ ಅದು ನಿಲ್ಲುವುದಿಲ್ಲ. ಅಂಟಿಸಿದ ಮೇಲೆ ಕೀಳಬೇಡಿ, ಜಾಗ ಬದಲಿಸಬೇಡಿ. ಆಪರೇಷನ್ ಟೇಬಲ್ ಮೇಲೆ ತಲೆಯನ್ನು ಅಲುಗದಂತೆ ಪಿನ್ ಹಾಕಿ ಹಿಡಿಸಿದ ನಂತರ, ಸರ್ಜನ್ ಒಂದು ಕಡ್ಡಿಯಿಂದ ಆ ಸ್ಟಿಕ್ಕರ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾ ಕಡ್ಡಿಯ ಜಾಗ ಗುರುತಿಸುತ್ತದೆ. ತಲೆಗೂ ಚಿತ್ರಕ್ಕೂ ತಾಳೆಯಾದರೆ ಕಡ್ಡಿಯ ತುದಿ ಎಲ್ಲಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಮೊಬೈಲ್ ಮ್ಯಾಪಿನ ನೀಲಿ ಚುಕ್ಕೆ ಇದೆಯಲ್ಲ, ಹಾಗೇ.

ತೊಡಕು ಶುರುವಾಗುವುದು ಬುರುಡೆ ತೆರೆದ ಮೇಲೆ. ಒಳಗಿನ ದ್ರವ ಹರಿದುಹೋಗಿ, ಗೆಡ್ಡೆ ಸ್ವಲ್ಪ ಸ್ವಲ್ಪ ಹೊರಬಂದ ಹಾಗೆಲ್ಲ ಮೆದುಳು ಕುಸಿಯುತ್ತದೆ. ಕೆಲವೊಮ್ಮೆ 1 ಸೆಂ.ಮೀ.ಗಿಂತ ಜಾಸ್ತಿ. ಬೆಳಿಗ್ಗೆಯ ಚಿತ್ರ ಆಗ ಹಳತಾಯಿತು ಅಲ್ವಾ? ಅದಕ್ಕೇ ನಡುವೆ ಅಲ್ಟ್ರಾಸೌಂಡ್ ಹಿಡಿದು ನೋಡುತ್ತಾರೆ. ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ ಆಪರೇಷನ್ ನಡುವೆಯೇ ಎಂಆರ್‌ಐ ತೆಗೆಯುವ ವ್ಯವಸ್ಥೆಯೂ ಇದೆ. ನಿಮ್ಮ ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆಯೂ ಇದೇ: ‘ಮೆದುಳು ಜರುಗಿದರೆ ಹೇಗೆ ಗೊತ್ತುಮಾಡಿಕೊಳ್ಳುತ್ತೀರಿ?’ ಯಂತ್ರ ಯಾವ ಕಂಪನಿಯದ್ದು ಎಂದು ಕೇಳುವುದಕ್ಕಿಂತ ಇದು ಮೇಲು.

ಕೆಲವು ಬಗೆಯ ಗೆಡ್ಡೆಗೆ 5-ಎಎಲ್‌ಎ ಎಂಬ ಮದ್ದನ್ನು ಆಪರೇಷನ್‌ಗೆ ಕೆಲವು ಗಂಟೆ ಮುಂಚೆ ಕುಡಿಸುತ್ತಾರೆ. ನೀಲಿ ಬೆಳಕಿನಲ್ಲಿ ಗೆಡ್ಡೆ ಕೆಂಪು-ಗುಲಾಬಿಯಾಗಿ ಹೊಳೆಯುತ್ತದೆ. ಈ ಮದ್ದು ಕುಡಿದವರ ಚರ್ಮ ಒಂದೆರಡು ದಿನ ಬೆಳಕಿಗೆ ಸುಡಬಹುದು. ಆಗುಂಬೆಯ ಮೋಡಕ್ಕೆ ಒಗ್ಗಿದವರಿಗೆ ಇದೇನು ಮಹಾ ಎನಿಸೀತು. ಆದರೆ ವಾರ್ಡಿನ ಕಿಟಕಿ ಪರದೆ ಸರಿಸುವ ಮುಂಚೆ ನರ್ಸ್‌ಗೆ ಒಂದು ಮಾತು ಕೇಳಿ.